ಹಂದಿಗಳಿಗೆ ಪಂಕ್ತಿಭೇದ ಮಾಡದ ಗುರವ್ವನ ಪರವಾಗಿ

ಮನೋಳಿ, 2004

ಹಂದಿ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಮಾನ್ಯರೇ,

ಕಳೆದ ಸೋಮವಾರ ತಮ್ಮ ಅಪ್ಪಣೆಯಂತೆ ತಮ್ಮ ಆಳುಗಳು ಕೇಂದ್ರದ ಹಂದಿಗಳನ್ನು ಕಬ್ಬಿಣದ ಸಲಾಕೆಯಿಂದ ಬಡಿದು ಕೊಂದರು. ಅಡ್ಡ ಬಂದ ನನ್ನ ಸೋದರತ್ತೆ ಗುರವ್ವನ ಬಲಗೈ ಮುರಿದರು. ತಪ್ಪಿಸಿಕೊಂಡ ಒಂದೇ ಒಂದು ಹಂದಿ ಈಗ ನಮ್ಮ ದನದ ಕೊಟ್ಟಿಗೆಯಲ್ಲಿದೆ. ಅದನ್ನೂ ಮುಗಿಸಲು ಶುಕ್ರವಾರ ಜೀಪು ಬರುತ್ತದೆಂದು ಹೇಳಿಕಳಿಸಿದ್ದೀರಿ. ಆ ಜೀಪು ಬರಕೂಡದು.

ತಮ್ಮ ಸಂಶೋಧನೆ ಘನವಾದದ್ದು, ಒಪ್ಪಿದೆ. ಹಂದಿಯ ಒಳಾಂಗ ಮನುಷ್ಯನದನ್ನು ಹೋಲುತ್ತದಂತೆ. ಆದ್ದರಿಂದ ಒಂದು ಸಾಲಿಗೆ ಸಕ್ಕರೆ, ಡಾಲ್ಡಾ, ಕರಿದ ಎಣ್ಣೆ ತಿನ್ನಿಸಿ ಬೊಜ್ಜು, ಬಿಪಿ, ಶುಗರ್ ಮೂರನ್ನೂ ಒಟ್ಟಿಗೆ ಬರಿಸುವುದು. ಎದುರು ಸಾಲಿಗೆ ಬರೀ ಜೋಳದ ನುಚ್ಚು ಹಾಕಿ ಹೋಲಿಸಿ ನೋಡುವುದು. ರಾಮದುರ್ಗದ ಯಾವುದೇ ಮದುವೆ ಊಟಕ್ಕೆ ಬಂದಿದ್ದರೆ ಇದೇ ಕಾಯಿಲೆ ತಲೆಗೆ ಪಟಗಾ ಸುತ್ತಿಕೊಂಡು ಮೂರನೇ ಸಲ ಬುಂದೆ ಹಾಕಿಸಿಕೊಳ್ಳುವುದನ್ನು ಪುಕ್ಕಟೆ ನೋಡಬಹುದಿತ್ತು. ಆದರೆ ಕೊನೆಗೆ ಕೊಯ್ದು ನೋಡಲು ಬೀಗರು ಒಪ್ಪುವುದಿಲ್ಲ, ನಿಜ.

ಮೇವು ಹಾಕಲು ಗುರವ್ವನನ್ನು ನೇಮಿಸಿದಿರಿ. ವಿಜ್ಞಾನ ಎಡವಿದ್ದು ಅಲ್ಲೇ. ಎದುರಾಬದುರು ಕುಳಿತವರಿಗೆ ಬೇರೆ ಬೇರೆ ಬಡಿಸಿದವಳು ನಮ್ಮ ಮನೆಯಲ್ಲಿ ಆ ದಿನ ಉಣ್ಣುವಂತಿಲ್ಲ. ಒಂದು ಸಾಲು ಚಪ್ಪರಿಸುವಾಗ ಇನ್ನೊಂದು ಮೂತಿ ಎತ್ತಿ ನೋಡಿತು. ಅತ್ತೆ ಬಕೆಟ್ಟು ತಿರುಗಿಸಿ ಅವಕ್ಕೂ ಸುರಿದಳು. ದಿನಾಲೂ ಸುರಿದಳು. ಎರಡೂ ಸಾಲು ಸಮನಾಗಿ ಊದಿದವು, ತಮಗೆ ಹೋಲಿಸಲು ಏನೂ ಉಳಿಯಲಿಲ್ಲ.

ಆ ಸೋಮವಾರ ನಾನು ಅತ್ತೆಗೆ ಬುತ್ತಿ ತಂದು ಬೇಲಿಯ ಹೊರಗೆ ನಿಂತಿದ್ದೆ. ತಮ್ಮ ಮೇಸ್ತ್ರಿ ಶಟ್ಟೆಪ್ಪ ಗದರುತ್ತಿದ್ದ:

“ಇವಕ್ಕೂ ಹಾಕಂತ ಯಾರ್ ಹೇಳಿದ್ರು ನಿನಗ?”

“ಪಂಕ್ತಿಯೊಳಗ ಭೇದ ಮಾಡಬಾರದೋ ಯಪ್ಪಾ. ನಿಮ್ಮ ಸಾಹೇಬ್ರ ಮನ್ಯಾಗ ಮಾಡತಾರೇನು?”

“ಏ ಮುದುಕಿ, ಇವು ಬೀಗರಲ್ಲ, ಹಂದಿ!”

“ಉಣ್ಣೂಮುಂದ ಎಲ್ಲಾರೂ ಹಂಗ ಕಾಣತಾರ ಬಿಡು.”

ತಾವು ಚಹಾದ ಕಪ್ಪು ಹಿಡಿದು, “ಎಲ್ಲಾ ಮುಗಿಸಿಬಿಡಿ” ಎಂದಿರಿ.

ಬೊಜ್ಜಿನಿಂದ ಓಡಲಾರದ ಪ್ರಾಣಿಗಳು, ಮೊದಲ ಏಟಿಗೆ ಸಾಯಲೂ ಇಲ್ಲ. ತಲೆ ಬಿರಿದು ಒಂದು ಕಣ್ಣು ಜೋತುಬಿದ್ದ ಹಂದಿಯೊಂದು ತೆವಳುತ್ತಾ ಅತ್ತೆಯ ಬಕೆಟ್ಟಿನ ಕಡೆಗೇ ಬಂತು. ಊಟವಿದೆ ಅಂದುಕೊಂಡಿತ್ತು. ಅದರ ಮೇಲೆ ಸಲಾಕೆ ಇಳಿಯುವಾಗ ಅತ್ತೆ ಕೈ ಒಡ್ಡಿದಳು. ಎಲುಬು ಚರ್ಮ ಹರಿದು ಹೊರಬಂತು. ಮುಂದಿನ ಏಟಿಗೆ ಹಂದಿಯೂ ಸತ್ತಿತು. ನಾನು ಗೇಟು ಒದ್ದು ಒಳನುಗ್ಗಿದೆ. ಅದೇ ಗೇಟಿನಿಂದ ಒಂದು ಹಂದಿ ಹೊರಬಿತ್ತು. ತಮ್ಮ ಕಪ್ಪಿನ ಚಹಾ ಮಾತ್ರ ತುಳುಕಲಿಲ್ಲ.

ಅವು ಮಾಡಿದ ಅಪರಾಧವೇನು? ಹಾಕಿದ್ದನ್ನು ತಿಂದವು. ಅದಕ್ಕೆ ತಲೆ ಒಡೆಯುವುದೇ ನ್ಯಾಯವಾದರೆ, ಸವದತ್ತಿಯಿಂದ ಬೈಲಹೊಂಗಲದವರೆಗೆ ಯಾವ ಕಚೇರಿಯಲ್ಲಿ ತಲೆ ಉಳಿದೀತು?

ಆದ್ದರಿಂದ ಆಗ್ರಹಿಸುತ್ತೇನೆ: ಜೀಪು ಕಳಿಸಬೇಡಿ. ಕಳಿಸಿಯೇ ತೀರುವುದಾದರೆ ತಾವೂ ಅದರಲ್ಲಿ ಬನ್ನಿ. ಕೊಟ್ಟಿಗೆಯಲ್ಲಿ ಹಂದಿಯ ಎದುರಿಗೆ ತಮಗೂ ಎಲೆ ಹಾಕುತ್ತೇವೆ. ಅದಕ್ಕೆ ಏನು ಬಿದ್ದೀತೋ ತಮಗೂ ಅದೇ ಬೀಳುತ್ತದೆ. ಸಲಾಕೆಯಾದರೆ ಸಲಾಕೆ, ನುಚ್ಚಾದರೆ ನುಚ್ಚು. ಅತ್ತೆ ಎಡಗೈಲಿ ಬಡಿಸುತ್ತಾಳೆ, ಮನ್ನಿಸಬೇಕು.

ಇಂತಿ,
ಸದ್ಯಕ್ಕೆ ಗುರವ್ವನ ಬಲಗೈಯಾಗಿರುವ
ಕಲ್ಮೇಶ