ಭೋಗಿಗೆ ಹೋದ ಗಿಳಿಗಳು

ಒನ್ ಟೌನ್, ವಿಶಾಖಪಟ್ಟಣ
೧೫ ಜನವರಿ ೧೯೯೧, ಕನುಮ ಹಬ್ಬ

ವಿಜಯವಾಡದಲ್ಲಿರುವ ನಮ್ಮ ಮನೆಯವರಿಗೆ ಸುಲೋಚನಾ ಮಾಡುವ ನಮಸ್ಕಾರಗಳು.

ಹುಳಿತೇಗು ಕಡಿಮೆಯಾಯಿತೇ? ಗವರ್ನರ್‌ಪೇಟೆಯ ಮೆಸ್ಸಿನವನು ಹುಳಿ ಗೊಂಗೂರ ಸೊಪ್ಪು ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ ಎಂದು ಹೇಳಿ ಕಳಿಸಿದ್ದೆ. ನೀವು ಹಿಡಿದಿರುವುದಿಲ್ಲ, ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೃಣಾಲಿನಿ ಹತ್ತನೆಯ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟುಕೊಂಡು ಕಿಟಕಿಯಿಂದ ಗಾಳಿಪಟ ನೋಡುತ್ತಿದ್ದಾಳೆ. ಅವಳ ಕನ್ನಡ ಈಗ ಊಟಕ್ಕೆ ಮತ್ತು ನನ್ನ ಜೊತೆ ಜಗಳಕ್ಕೆ ಮಾತ್ರ, ಉಳಿದದ್ದೆಲ್ಲ ತೆಲುಗು. ನಿಮ್ಮನ್ನೂ ಅಪ್ಪ ಎನ್ನದೆ ನಾನ್ನ ಎಂದೇ ಕರೆಯುತ್ತಾಳೆ. ಅವಳ ಪರೀಕ್ಷೆ ಮುಗಿಯುವವರೆಗೆ ನಾವು ಇಲ್ಲಿ, ನೀವು ಅಲ್ಲಿ ಎಂದು ಇಬ್ಬರೂ ಸೇರಿಯೇ ತೀರ್ಮಾನ ಮಾಡಿದ್ದು, ಆದ್ದರಿಂದ ಗೊಣಗುವುದಿಲ್ಲ.

ನಿಮ್ಮ ಪತ್ರ ಹಬ್ಬಕ್ಕೆ ಮೊದಲೇ ಬಂತು. ಅದರ ತುಂಬ ಈ ಮನೆಯ ಮೆಟ್ಟಿಲು, ಸುಣ್ಣದ ಗಾರೆಯ ಗೋಡೆ, ಬಾಗಿಲ ಮೇಲಿನ ಗಿಳಿಗಳು. ಕೊನೆಗೆ ಒಂದು ಸಾಲಿನಲ್ಲಿ ನಾನೂ ಇದ್ದೆ, ಸಂತೋಷ. ಬ್ಯಾಂಕಿನ ವಲಯ ಕಚೇರಿಯಲ್ಲಿ ಈ ಕಟ್ಟಡದ ಫೈಲು ನಿಮ್ಮ ಮೇಜಿಗೇ ಬಂದಿದೆ, ಬುಧವಾರ, ಅಂದರೆ ನಾಳೆ, ನಿಮ್ಮ ಅಭಿಪ್ರಾಯ ಬರೆದು ಕೊಡಬೇಕು ಎಂದು ಬರೆದಿದ್ದೀರಿ. ಕೆಳಗಿನ ಅಂತಸ್ತಿನಲ್ಲಿ ನಮ್ಮದೇ ಬ್ಯಾಂಕಿನ ಶಾಖೆ, ಮೇಲೆ ಮುಂಭಾಗದಲ್ಲಿ ನಾವು, ಹಿಂಭಾಗದಲ್ಲಿ ಮನೆಯ ಒಡತಿ ದುರ್ಗಾಂಬ ಅವರು. ಬಿಲ್ಡರ್ ಜಗನ್ಮೋಹನ್ ಇದನ್ನೆಲ್ಲ ಕೆಡವಿ ನಾಲ್ಕು ಮಹಡಿಯ ಕಾಂಪ್ಲೆಕ್ಸ್ ಕಟ್ಟುತ್ತೇನೆ, ಬ್ಯಾಂಕಿಗೆ ಮುಂಭಾಗದ ದೊಡ್ಡ ಹಾಲ್, ದುರ್ಗಾಂಬ ಅವರಿಗೆ ಲಿಫ್ಟು ಇರುವ ಫ್ಲಾಟು ಎನ್ನುತ್ತಾನೆ. ಬ್ಯಾಂಕು ಒಪ್ಪಿದರೆ ಮಾತ್ರ ಅವನು ಕೈ ಹಾಕುತ್ತಾನೆ. ಅಂದರೆ ನೀವು ಬೇಡವೆಂದು ಬರೆದರೆ ಮನೆ ಇದ್ದ ಹಾಗೇ ಇರುತ್ತದೆ, ಆಗಲಿ ಎಂದು ಬರೆದರೆ ಬೇಸಿಗೆಯೊಳಗೆ ನೆಲಸಮ.

ನೀವು ಬೇಡವೆಂದೇ ಬರೆಯುವಿರಿ. ನಾನು ತಪ್ಪೆನ್ನುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಈ ಮನೆ ಇಷ್ಟ, ಬಂದರಿನ ಹಡಗು ಕೂಗಿದಾಗ ಕಿಟಕಿಯ ಬಣ್ಣದ ಗಾಜು ಸಣ್ಣಗೆ ನಡುಗುವುದು ಇಷ್ಟ. ಆದರೆ ರೀ, ಮೆಟ್ಟಿಲನ್ನು ನೀವು ಇಳಿಯುವಾಗ ನೋಡಿದ್ದೀರಿ, ನಾನು ನೀರಿನ ಬಿಂದಿಗೆ ಹೊತ್ತು ಹತ್ತುವಾಗ ನೋಡಿದ್ದೇನೆ. ಬರ್ಮಾ ತೇಗ ಎಂದು ಅದನ್ನು ಸವರುತ್ತ ನಿಲ್ಲುವವರು ಯಾರೂ ಬಿಂದಿಗೆ ಹಿಡಿದಿಲ್ಲ. ಹಳೆಯ ಕಟ್ಟಡ ಉಳಿಸುವ ಸಂಘದವರು ಬಂದಾಗಲೂ ಫೋಟೋ ತೆಗೆದರು, ಕಾಫಿ ಕುಡಿದರು, ಬಚ್ಚಲು ಎಲ್ಲಿ ಎಂದು ಕೇಳಿದರು. ಹಿತ್ತಲಲ್ಲಿ, ಬಾವಿಯ ಪಕ್ಕ ಎಂದೆ. ಹಾಗಾದರೆ ಪರವಾಗಿಲ್ಲ ಎಂದು ತಡೆದುಕೊಂಡೇ ಹೋದರು.

ದುರ್ಗಾಂಬ ಅವರಿಗೆ ಮನೆ ಕೆಡವುವುದೇ ಬೇಕಾಗಿತ್ತು. ಅವರ ಮಾವ ರಂಗೂನಿನಲ್ಲಿ ವ್ಯಾಪಾರ ಮಾಡಿ ಹಡಗಿನಲ್ಲಿ ತೇಗ ತಂದು ಕಟ್ಟಿಸಿದ ಮನೆ ಎಂದು ನಾವು ಬಾಯಿ ತುಂಬ ಹೊಗಳಿದಾಗಲೆಲ್ಲ ಆಯಮ್ಮ, “ನಿನಗೆ ಅಷ್ಟು ಮುದ್ದಾದರೆ ನನ್ನ ಮಂಡಿ ನೀನು ತಗೋ ಅಮ್ಮಾಯಿ” ಎನ್ನುತ್ತಿದ್ದರು. ಮಂಡಿ ನೋವು ಹೆಚ್ಚಿದ ಮೇಲೆ ಹಬ್ಬಕ್ಕೊಮ್ಮೆ ಇಳಿಯುವುದು ಬಿಟ್ಟರೆ ಅವರು ಕೆಳಗೆ ಬಂದವರಲ್ಲ. ಸ್ನಾನವೂ ಮೇಲೇ, ತಾರಸಿಯ ಮೂಲೆಯಲ್ಲಿ ತಗಡು ಮರೆ ಮಾಡಿಕೊಂಡು. ಮದುವೆಯಾಗಿ ಬಂದಾಗ ಅವರಿಗೆ ಕೊಟ್ಟ ಕೋಣೆ ಕೆಳಗೆ, ಮ್ಯಾನೇಜರ್ ಕ್ಯಾಬಿನ್ನಿನ ಹಿಂದೆ. ಬ್ಯಾಂಕು ಬಾಡಿಗೆಗೆ ಬಂದಾಗ ಅದೂ ಹೋಯಿತು. ಅಲ್ಲಿ ಈಗ ಹಳೆಯ ವೋಚರುಗಳ ಮೂಟೆಗಳು ಮಲಗಿವೆ.

ಇನ್ನು ನಿಮ್ಮ ಗಿಳಿಗಳ ಸಮಾಚಾರ. ಎದೆ ಗಟ್ಟಿ ಮಾಡಿಕೊಂಡು ಓದಿ. ಹೋದ ಸಲ ಬಂದಾಗ ಮುಂಬಾಗಿಲ ಮೇಲಿನ ಗಿಳಿಯ ಕೆತ್ತನೆಯ ಹಲಗೆಗೆ ಗೆದ್ದಲು ಹಿಡಿಯುತ್ತಿದೆ ಎಂದು ನೀವೇ ಮುಂದೆ ನಿಂತು ಬಿಚ್ಚಿಸಿದಿರಿ. ಬಡಗಿ ಹಬ್ಬ ಮುಗಿಸಿ ಒಯ್ಯುತ್ತೇನೆ ಎಂದ. ಬಿಸಿಲು ತಾಗಿದರೆ ಹುಳ ಸಾಯುತ್ತದೆ ಎಂದು ನೀವು ಅದನ್ನು ಬೀದಿಯ ಜಗಲಿಗೆ ಒರಗಿಸಿ ಇಟ್ಟು ರೈಲು ಹತ್ತಿದಿರಿ. ನಮ್ಮ ಕಡೆ ಸಂಕ್ರಾಂತಿ ಎಂದರೆ ಎಳ್ಳುಬೆಲ್ಲ, ಹೆಚ್ಚೆಂದರೆ ಕಿಚ್ಚು ಹಾಯಿಸುವುದು. ಇಲ್ಲಿ ಅದರ ಮರುದಿನ ಕನುಮ, ಹಿಂದಿನ ದಿನ ಹಳೆಯದನ್ನೆಲ್ಲ ಬೀದಿಯಲ್ಲಿ ಸುಡುವ ಭೋಗಿ. ಆ ವಾರ ಯಾರು ಹಳೆಯ ಮರಮುಟ್ಟನ್ನು ಬೀದಿಗೆ ಇಟ್ಟರೂ ಅದು ಭೋಗಿ ಬೆಂಕಿಗೆ ಕೊಟ್ಟ ಹಾಗೆ. ಕೇಳುವುದಿಲ್ಲ, ಒಯ್ಯುತ್ತಾರೆ. ಇಷ್ಟು ವರ್ಷ ಈ ಊರಲ್ಲಿದ್ದೂ ನಮಗಿಬ್ಬರಿಗೂ ಅದು ಹೊಳೆಯಲಿಲ್ಲ.

ಭೋಗಿಯ ದಿನ ಬೆಳಕು ಹರಿಯುವ ಹೊತ್ತಿಗೆ ಬೆರಣಿಯ ಹಾರ ಹಿಡಿದು ನಾನೂ ಮೃಣಾಲಿನಿಯೂ ಇಳಿದೆವು. ದುರ್ಗಾಂಬ ಅವರು ನಮ್ಮ ಮುಂದೆ, ಒಂದೊಂದೇ ಮೆಟ್ಟಿಲ ಮೇಲೆ ಕೂತು ಜರುಗುತ್ತ ಇಳಿದರು. ಹಿಡಿಯಲು ಹೋದರೆ ಕೈ ಕೊಡವಿದರು. ಬೆಂಕಿಯಲ್ಲಿ ಮುರುಕು ಕುರ್ಚಿ, ತೊಟ್ಟಿಲಿನ ಕಾಲು, ಅದರ ಮೇಲೆ ನಿಮ್ಮ ಹಲಗೆ. ಒಂದು ಗಿಳಿಯ ಕೊಕ್ಕು ಆಗಲೇ ಕಪ್ಪಾಗಿತ್ತು. ಎದುರುಮನೆಯ ಸೂರ್ಯಕಾಂತಮ್ಮ ನನ್ನ ಕೈ ಹಿಡಿದು, “ನಿಮ್ಮ ಯಜಮಾನರದು ಎಂಥ ದೊಡ್ಡ ಮನಸ್ಸು! ಇಂಥ ಒಳ್ಳೆ ಕಟ್ಟಿಗೆ ಯಾರು ಕೊಡುತ್ತಾರೆ?” ಎಂದು ಮೆಚ್ಚಿಕೊಂಡರು. ಹಳೆಯದನ್ನು ಉಳಿಸಬೇಕೆಂದು ನಾಲ್ಕು ಜನರಿಗೆ ಪಾಠ ಹೇಳಿದ ನೀವು ಈಗ ಈ ಬೀದಿಗೆ ದಾನಶೂರರು. ನಗು ಬಂತು ರೀ, ಅಳುವೂ ಬಂತು.

ಮನೆ ಕೆಡವಿದರೆ ಸಾಕು ಎನ್ನುತ್ತಿದ್ದ ದುರ್ಗಾಂಬ ಅವರು ಮಾತ್ರ ಆ ಹಲಗೆಯನ್ನೇ ನೋಡುತ್ತ ನಿಂತಿದ್ದರು. ಯಾರೋ ಕೋಲಿನಿಂದ ಹಲಗೆ ಎಳೆಯಲು ಹೋದಾಗ, “ಪೋನೀ, ಬಿಡಿ. ಭೋಗಿಗೆ ಕೊಟ್ಟಿದ್ದನ್ನು ವಾಪಸು ಕೇಳಬಾರದು” ಎಂದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಎಂದರು. ಹೊಗೆ ಆ ಕಡೆ ಬೀಸುತ್ತಿರಲಿಲ್ಲ. ಹೊಸ ಸೊಸೆಯಾಗಿ ಆ ಗಿಳಿಗಳ ಕೆಳಗೆ ಬಂದು ನಿಂತಾಗ ತಲೆ ಎತ್ತಿ ನೋಡಿದ್ದಕ್ಕೆ ಅತ್ತೆ ಬೈದಿದ್ದರಂತೆ. ಅಷ್ಟು ಹೇಳಿ ಜಗಲಿಯ ಮೇಲೆ ಕೂತರು. ಕೆಡವುವ ಮಾತು ಆಮೇಲೆ ಎತ್ತಿಲ್ಲ. ಸಂಕ್ರಾಂತಿಗೆ ಅರಿಸೆ ಕಜ್ಜಾಯ ಹಿಡಿದು ಬಂದ ಜಗನ್ಮೋಹನ್‌ಗೆ, “ಮನೆಯ ಮುಂಭಾಗ ಮುಟ್ಟಬೇಡ, ಹಿತ್ತಲಲ್ಲಿ ಏನು ಬೇಕಾದರೂ ಕಟ್ಟಿಕೋ” ಎಂದರು. ಹಿತ್ತಲಲ್ಲಿ ಕಟ್ಟಿದರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಅವನು ಮುಖ ಗಂಟಿಕ್ಕಿಕೊಂಡು ಹೋದ. ಪೂರ್ತಿ ಬೇಡವೆಂದಿಲ್ಲ, ಬ್ಯಾಂಕಿನವರು ಏನು ಹೇಳುತ್ತಾರೋ ನೋಡೋಣ ಎಂದಿದ್ದಾನೆ. ಅಂದರೆ ಮತ್ತೆ ನಿಮ್ಮ ಮೇಜಿಗೇ ಬಂತು.

ನಾನು ಬ್ಯಾಂಕಿನವಳಲ್ಲ, ಹೇಗೆ ಬರೆಯಬೇಕೆಂದು ಹೇಳಲಾರೆ. ಈ ಪತ್ರವನ್ನು ನಿಮ್ಮ ಕಚೇರಿಯ ಕಾಮೇಶ್ವರ ಒಯ್ಯುತ್ತಾರೆ, ಹಬ್ಬಕ್ಕೆ ಬಂದವರು ಇಂದಿನ ರೈಲಿಗೆ ಹೊರಟಿದ್ದಾರೆ. ಡಬ್ಬಿಯಲ್ಲಿ ಎಳ್ಳುಬೆಲ್ಲ ಇದೆ, ಕೊಬ್ಬರಿ ನಾನೇ ಹೆಚ್ಚಿದ್ದು. ಅಲ್ಲಿ ಯಾರಿಗಾದರೂ ಬೀರಿ, ಒಬ್ಬರೇ ತಿಂದು ಮುಗಿಸಬೇಡಿ. ಒಳ್ಳೆಯ ಮಾತಾಡಿ ಎಂದು ಬೇರೆ ಹೇಳಬೇಕಾಗಿಲ್ಲ, ಮೆಟ್ಟಿಲ ಬಗ್ಗೆ ನೀವು ಒಳ್ಳೆಯದನ್ನೇ ಆಡುತ್ತೀರಿ.

ದೇವರು ನಿಮ್ಮ ಹೊಟ್ಟೆಯನ್ನು ತಣ್ಣಗಿಟ್ಟಿರಲಿ.

ನಿಮ್ಮ
ಸುಲೋಚನಾ

ವಿ.ಸೂ.: ಕಾಮೇಶ್ವರ ಬಾಗಿಲಲ್ಲಿ ನಿಂತಿದ್ದಾರೆ. ದುರ್ಗಾಂಬ ಅವರು ಭೋಗಿಯ ದಿನ ಇಳಿದವರು ಮತ್ತೆ ಮೇಲೆ ಬಂದಿಲ್ಲ, ಬರಲು ಆಗುತ್ತಿಲ್ಲ. ಎರಡು ಮೆಟ್ಟಿಲು ಹತ್ತಿ ಕೂತುಬಿಟ್ಟರು. ಬ್ಯಾಂಕಿಗೆ ರಜೆ ಎಂದು ಅದರ ಜಗಲಿಯ ಬೆಂಚಿನ ಮೇಲೆ ಮಲಗುತ್ತಿದ್ದಾರೆ, ನಾನು ಕಂಬಳಿ ಕೊಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಶಾಖೆ ತೆರೆದರೆ ಗಿರಾಕಿಗಳು ಆ ಬೆಂಚಿನ ಮೇಲೆ ಕೂರುತ್ತಾರೆ. ನಿಮ್ಮ ವರದಿ ಹೇಗಾದರೂ ಇರಲಿ, ಅದಕ್ಕೆ ಮೊದಲು ಮ್ಯಾನೇಜರಿಗೆ ಫೋನು ಮಾಡಿ ಆ ವೋಚರು ಮೂಟೆಗಳನ್ನು ಹೊರಗೆ ಹಾಕಿಸಿ. ಅವರ ಕೋಣೆ ಅವರಿಗೆ ಕೊಡಿಸಿ.