ಆ ಸಿನಿಮಾದಲ್ಲಿ ನಿಜವಾದದ್ದು

ನವೆಂಬರ್ ೧೨, ಭಾನುವಾರ. ಖುಜಂದ್

ನೋಜಿಮ್ ಅಣ್ಣನನ್ನು ಯುದ್ಧದ ಸಿನಿಮಾಕ್ಕೆ ಕರೆದೊಯ್ದು ತಪ್ಪು ಮಾಡಿದೆನೇನೋ ಎಂದು ಕೊನೆಯವರೆಗೂ ಅಳುಕುತ್ತಿದ್ದೆ. ಅಫ್ಘಾನಿಸ್ತಾನದಲ್ಲಿ ಸೈನಿಕನಾಗಿ ಹೋರಾಡಿ ಮರಳಿದ ಮೇಲೆ ಅವನು ಅಲ್ಲಿನ ಯುದ್ಧದ ಬಗ್ಗೆ ತುಟಿ ಬಿಚ್ಚಿದವನಲ್ಲ.

ಹೊರಗೆ ಬಂದವನೇ ರೇಗಿದ. "ಅದೇನು ಬೂಟು ಕಣೇ! ಬೆಟ್ಟ ಹತ್ತಿ ಇಳಿದ್ರೂ ಮಿರಮಿರ ಮಿಂಚ್ತಿತ್ತು. ಸಾಯೋನು ಅಷ್ಟುದ್ದ ಭಾಷಣ ಬಿಗೀತಾನಾ?"

"ಹಾಗಾದ್ರೆ ಎಲ್ಲಾ ಸುಳ್ಳಾ, ಅಣ್ಣ?"

ಅವನು ನಿಂತುಬಿಟ್ಟ. "ಒಣಗಿದ ಕಾಲುಚೀಲಕ್ಕೆ ಇಬ್ರು ಜಗಳ ಆಡಿದ್ರಲ್ಲ, ಅದು ನಿಜ. ನಾನೂ ದಾವ್ಲತ್ತೂ ದಿನಾ ಕಚ್ಚಾಡ್ತಿದ್ವಿ."

ದಾವ್ಲತ್! ಇಷ್ಟು ವರ್ಷಗಳಲ್ಲಿ ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಯಾರವನು ಎಂದೆ. ಅಲ್ಲಿ ಜೊತೆಗಿದ್ದ ಸೈನಿಕನಂತೆ. ಸೇತುವೆ ದಾಟಿ ಮನೆ ಮುಟ್ಟುವವರೆಗೂ ಅಣ್ಣ ಅವನ ಕಥೆ ಹೇಳುತ್ತಲೇ ಇದ್ದ, ದಾವ್ಲತ್ ಸತ್ತ ದಿನದವರೆಗಿನದೂ.

ಚಿತ್ರ ಅಷ್ಟಕ್ಕಷ್ಟೇ. ಆದರೂ ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಪಕ್ಕದ ಕೋಣೆಯಲ್ಲಿ ಅಣ್ಣ ಈಗ ಅತ್ತಿಗೆಗೆ ದಾವ್ಲತ್ತನ ಗೊರಕೆ ಹೊಡೆದು ತೋರಿಸುತ್ತಿದ್ದಾನೆ. ಅತ್ತಿಗೆ ನಗುತ್ತಿದ್ದಾಳೆ, ನಾನೂ ಎದ್ದು ಅಲ್ಲಿಗೇ ಹೊರಟೆ.