ಕುರ್ಚಿಯ ಹಿಂದೆ

ಕ್ಲಬ್ಬಿನ ಅಧ್ಯಕ್ಷೆ ಅಮ್ಮನವರಿಗೆ ನಮಸ್ಕಾರ.

ರಜೆಯ ದಿನದ ಸಹಾಯಾರ್ಥ ಭೋಜನಕ್ಕೆ, ದೊರೆಗಳ ಕಾಲದ ಬಟ್ಲರ್ ಎಂದು ನಮ್ಮಪ್ಪನನ್ನೂ ಅತಿಥಿಯಾಗಿ ಕೂರಿಸಿದಿರಿ. ದೊಡ್ಡ ಮನಸ್ಸು. ಹರಾಜಿಗಿಟ್ಟಿದ್ದ, ಹಿಂದೆ ದೊರೆಸಾನಿಯರು ಆಳುಗಳನ್ನು ಕರೆಯುತ್ತಿದ್ದಂಥ ಹಳೇ ಬೆಳ್ಳಿ ಗಂಟೆಯನ್ನು ಯಾರೋ ಬಾರಿಸಿದ್ದೇ ತಡ, ಅಪ್ಪ ತಟ್ಟೆ ಬಿಟ್ಟೆದ್ದು, ತಮ್ಮದೇ ಕುರ್ಚಿಯ ಹಿಂದೆ ನಿಂತು ನಿಮ್ಮ ಲೋಟಕ್ಕೆ ವೈನ್ ಬಗ್ಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಂದಿನಿಂದ ಮನೆಯಲ್ಲೂ ನಾವು ಉಣ್ಣುವಾಗ ಹಿಂದೆ ನಿಂತೇ ಇರುತ್ತಾರೆ. "ದೊರೆಸಾನಿಯವರದು ಮುಗೀತಾ?" ಅಂತ ಪಿಸುಗುಡುತ್ತಾರೆ.

"ಮುಗೀತಪ್ಪ, ಕೂತ್ಕೊಳ್ಳಿ" ಅಂದರೆ, "ನೀನು ಹೇಳಿದ್ರೆ ಆಗುತ್ತೇನಮ್ಮಾ?" ಅಂತ ನಗುತ್ತಾರೆ. ಐದು ದಿನದಿಂದ ನೆಟ್ಟಗೆ ಒಂದು ತುತ್ತು ತಿಂದಿಲ್ಲ.

ಅವರ ಪಾಲಿಗೆ ಈಗ ದೊರೆಸಾನಿ ನೀವೇ. ದಯವಿಟ್ಟು ತಾವೇ ಒಮ್ಮೆ ಬಂದು, ಕೂತು ಉಣ್ಣಲು ಅವರಿಗೆ ಅಪ್ಪಣೆ ಕೊಡಬೇಕು. ಏಕವಚನದಲ್ಲೇ ಹೇಳಿ, ಅಮ್ಮ. ಬಹುವಚನದಲ್ಲಿ ಹೇಳಿದರೆ, ಯಾರೋ ಅತಿಥಿಗೆ ಹೇಳಿದ್ದೆಂದು ಪಕ್ಕಕ್ಕೆ ಸರಿದು ಕುರ್ಚಿ ಎಳೆದುಕೊಡುತ್ತಾರೆ.

ಇಂತಿ,
ಬಟ್ಲರನ ಮಗಳು